ಬೈಕಿಗೆ ಕಟ್ಟುವ ಟೆಂಟ್: ಸಕಲೇಶಪುರದ ಮಳೆಗೂ ಲಡಾಖ್‌ನ ಗಾಳಿಗೂ ಒಂದೇ ಸಾಕೇ?

ಪ್ರಶ್ನೆ: ನಾನು, ನನ್ನ ತಮ್ಮ ಇಬ್ಬರೂ 350 ಸಿಸಿ ಬೈಕ್‌ಗಳಲ್ಲಿ ಸುತ್ತುವವರು. ಮನೆ ರಾಜಾಜಿನಗರದಲ್ಲಿ. ನಾಲ್ಕು ವರ್ಷದ ಹಿಂದೆ ಕೊಂಡ ಇಬ್ಬರ ಟೆಂಟ್ ಇದೆ, ಚೀಟಿಯಲ್ಲಿ 3,000 ಮಿ.ಮೀ. ವಾಟರ್‌ಪ್ರೂಫ್ ಎಂದಿದೆ. ಕಳೆದ ಜುಲೈನಲ್ಲಿ ಸಕಲೇಶಪುರದ ಹತ್ತಿರ ಹೋಂಸ್ಟೇ ಒಂದರ ಅಂಗಳದಲ್ಲಿ, ಕೆಳಗೆ ಸಿಲ್ಪಾಲಿನ್ ಹಾಸಿ ಹಾಕಿದ್ದೆವು. ರಾತ್ರಿಯಿಡೀ ಗಾಳಿ ಮಳೆ. ಬೆಳಗ್ಗೆ ನೋಡಿದರೆ ಸ್ಲೀಪಿಂಗ್ ಬ್ಯಾಗ್‌ಗಳ ಕಾಲಿನ ಕಡೆ ಒದ್ದೆ, ಒಂದು ಮೂಲೆಯಲ್ಲಿ ನೀರು ನಿಂತಿತ್ತು, ಫೈಬರ್ ಪೋಲ್ ಒಂದು ಉದ್ದಕ್ಕೆ ಸೀಳಿತ್ತು. ಈಗ ಲಾಫ್ಟ್‌ನಿಂದ ತೆಗೆದರೆ ಬಟ್ಟೆಯ ಒಳಮೈ ಅಂಟಂಟು, ಹುಳಿ ವಾಸನೆ ಬೇರೆ. ಬರುವ ಸೆಪ್ಟೆಂಬರ್‌ನಲ್ಲಿ ಲಡಾಖ್‌ಗೆ ಹೋಗುವ ಯೋಚನೆಯಿದೆ. ಅಂಗಡಿಯವರು “5,000 ಮಿ.ಮೀ. ಇರೋ ಫೋರ್ ಸೀಸನ್ ಟೆಂಟ್ ತಗೊಳ್ಳಿ, ಎಲ್ಲಾ ಕಾಲಕ್ಕೂ ಆಗುತ್ತೆ” ಅಂತಾರೆ. ನಮ್ಮ ಬಜೆಟ್ 18,000 ರೂಪಾಯಿ. ಹಳೆಯದನ್ನೇ ರಿಪೇರಿ ಮಾಡಿಸಬಹುದಾ? ಹೊಸದು ಯಾವ ಥರದ್ದು ತಗೊಳ್ಳಬೇಕು? ಗಾಳಿ ಜೋರಿದ್ದಾಗ ಟೆಂಟನ್ನು ಬೈಕಿಗೇ ಕಟ್ಟಿದರೆ ಗಟ್ಟಿ ನಿಲ್ಲುತ್ತದೆ ಅನ್ನೋದು ನಿಜವಾ?

ಉತ್ತರ: ಮಲೆನಾಡಿನ ಮಳೆ, ಲಡಾಖ್‌ನ ಗಾಳಿ, ಬೈಕಿನ ಕುಲುಕಾಟ ಮೂರನ್ನೂ ತಡೆಯುವ ಒಂದು ಟೆಂಟ್ ನಿಮ್ಮ ಬಜೆಟ್‌ನಲ್ಲಿ ಸಿಗುತ್ತದೆಯೇ, ಅದನ್ನು ಗುರುತಿಸಲು ಮಿ.ಮೀ. ಸಂಖ್ಯೆ ಸಾಕೇ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಟೆಂಟ್ ಸಿಗುತ್ತದೆ. ಆದರೆ ಮಿ.ಮೀ. ನೋಡಿ ಆರಿಸಿದರೆ ಮತ್ತೆ ಇದೇ ಪಾಡಾಗುತ್ತದೆ. ಟೆಂಟಿನ ಬಾಳಿಕೆ ನಿಂತಿರುವುದು ಅದರ ಪೋಲ್, ಅದರ ಹೊಲಿಗೆ, ನೀವು ಅದನ್ನು ನೆಲಕ್ಕೆ ಬಿಗಿಯುವ ರೀತಿ ಮತ್ತು ಮನೆಯಲ್ಲಿ ಎತ್ತಿಡುವ ರೀತಿಯ ಮೇಲೆ. ನಿಮ್ಮ ಹಳೆಯ ಟೆಂಟ್ ಸೋತಿರುವುದು ಇವುಗಳಲ್ಲೇ. ಆ ರಾತ್ರಿ ಅದರ ಮೇಲ್ಬಟ್ಟೆ ಬಹುಮಟ್ಟಿಗೆ ತನ್ನ ಕೆಲಸ ಮಾಡಿದೆ ಎಂದೇ ನಿಮ್ಮ ವಿವರಣೆ ಹೇಳುತ್ತದೆ.

ಕಾಲಿನ ಕಡೆಯ ಒದ್ದೆಯಿಂದ ಶುರು ಮಾಡೋಣ. ಇದು ಹೆಚ್ಚಿನ ಸಲ ಮಳೆನೀರಲ್ಲ, ನಿಮ್ಮದೇ ಉಸಿರಿನ ನೀರು. ನಿದ್ದೆಯಲ್ಲಿ ಒಬ್ಬರ ಉಸಿರು ಮತ್ತು ಚರ್ಮದಿಂದ ರಾತ್ರಿಗೆ ಕಾಲು ಲೀಟರಿನಷ್ಟಾದರೂ ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರೆಂದರೆ ಅರ್ಧ ಲೀಟರ್. ಒದ್ದೆ ಜಾಕೆಟ್, ಬೂಟು, ಗ್ಲೌಸ್ ಒಳಗಿಟ್ಟಿದ್ದರೆ ಅವುಗಳ ತೇವವೂ ಸೇರುತ್ತದೆ. ಮಳೆಗೆ ತಣ್ಣಗಾದ ಫ್ಲೈ, ಅಂದರೆ ಮೇಲಿನ ಹೊದಿಕೆ, ಅದರ ಒಳಮೈಯಲ್ಲಿ ಈ ಆವಿ ಹನಿಗಟ್ಟುತ್ತದೆ. ಜುಲೈ ತಿಂಗಳ ಸಕಲೇಶಪುರದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಆವಿ ಹೊರಗೆ ಹೋಗಿ ಆರುವ ದಾರಿಯೇ ಕಡಿಮೆ. ಗಾಳಿಗೆ ಫ್ಲೈ ಒಳಟೆಂಟಿಗೆ ಅಂಟಿಕೊಂಡು, ಅದೇ ಜಾಗಕ್ಕೆ ನಿಮ್ಮ ಕಾಲೂ ತಾಗಿದರೆ ಹನಿ ನೇರವಾಗಿ ಬ್ಯಾಗಿಗೆ ಇಳಿಯುತ್ತದೆ.

ಸೋರಿಕೆಯೋ ಉಸಿರೋ ಎಂದು ತಿಳಿಯುವುದು ಕಷ್ಟವಲ್ಲ. ಟಾರ್ಚ್ ಹಿಡಿದು ಫ್ಲೈನ ಒಳಮೈ ನೋಡಿ. ಸಾಸಿವೆಯಷ್ಟು ಸಣ್ಣ ಹನಿಗಳು ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಉಸಿರು. ಹೊಲಿಗೆಯ ಸಾಲಿನಲ್ಲಿ, ಝಿಪ್‌ನ ಕೆಳಗೆ, ಎಳೆಹಗ್ಗದ ಪಟ್ಟಿ ಹೊಲಿದಿರುವ ಕಡೆ ಮಾತ್ರ ಗೆರೆಯಾಗಿ ಇಳಿದಿದ್ದರೆ ಸೋರಿಕೆ. ಉಸಿರಿನ ನೀರಿಗೆ 5,000 ಅಲ್ಲ, 10,000 ಮಿ.ಮೀ. ಬಟ್ಟೆಯೂ ಮದ್ದಲ್ಲ. ಫ್ಲೈಗೂ ಒಳಟೆಂಟಿಗೂ ನಡುವೆ ಸುತ್ತಲೂ ನಾಲ್ಕು ಬೆರಳಾದರೂ ಅಂತರ ಉಳಿಯಬೇಕು. ಮಳೆಯಲ್ಲೂ ತೆರೆದಿಡಬಹುದಾದ ಕಿಂಡಿ ಮೇಲ್ಭಾಗದಲ್ಲಿರಬೇಕು. ಒದ್ದೆ ಸಾಮಾನು ಹೊರಗಿನ ಮುಂಗಟ್ಟಿನಲ್ಲೇ, ಅಂದರೆ ಒಳಟೆಂಟಿನ ಬಾಗಿಲ ಮುಂದೆ ಫ್ಲೈ ಚಾಚಿರುವ ಜಾಗದಲ್ಲೇ ಇರಬೇಕು.

ಮೂಲೆಯಲ್ಲಿ ನಿಂತ ನೀರಿನ ಕಥೆ ಬೇರೆ. ಒಂದು ಕಾರಣ ನಿಮ್ಮ ಸಿಲ್ಪಾಲಿನ್. ಅದು ಟೆಂಟಿನ ನೆಲಕ್ಕಿಂತ ಒಂದು ಗೇಣು ಹೊರಗೆ ಚಾಚಿದ್ದರೂ ಸಾಕು, ಫ್ಲೈನಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನಿಮ್ಮ ನೆಲದ ಅಡಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಕೆಳಹಾಸು ನಾಲ್ಕೂ ಕಡೆ ನೆಲಕ್ಕಿಂತ 5 ಸೆಂ.ಮೀ. ಚಿಕ್ಕದಿರಬೇಕು. ಹಳೆಯ ಫ್ಲೆಕ್ಸ್ ಬ್ಯಾನರ್ ಆದರೂ ನಡೆಯುತ್ತದೆ, ಅಳತೆಗೆ ಕತ್ತರಿಸಿಕೊಳ್ಳಿ. ಎರಡನೇ ಕಾರಣ, ನೆಲದ ಮೂಲೆಯಲ್ಲಿ ಎರಡು ಮೂರು ಹೊಲಿಗೆ ಸೇರುತ್ತವೆ. ಅವುಗಳ ಮೇಲಿನ ಟೇಪ್ ಮೊದಲು ಏಳುವುದೂ ಅಲ್ಲೇ.

ಇನ್ನು ಆ ಮಿ.ಮೀ. ಸಂಖ್ಯೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬಿಸುತ್ತ ಹೋದಾಗ ಎಷ್ಟು ಎತ್ತರಕ್ಕೆ ಬಂದರೆ ನೀರು ಜಿನುಗುತ್ತದೋ ಆ ಎತ್ತರವೇ ಅದು. ಇಳಿಜಾರಾಗಿ ಬಿಗಿದ ಫ್ಲೈಗೆ 1,500 ಮಿ.ಮೀ. ಇದ್ದರೂ ಮಳೆ ಒಳಬರುವುದಿಲ್ಲ. ನೆಲಕ್ಕೆ ಹೆಚ್ಚು ಬೇಕು ಎನ್ನುವುದು ನಿಜ, ಆದರೆ ಅಲ್ಲಿಯೂ ಸಂಖ್ಯೆಗೆ ಮಿತಿಯಿದೆ. ಮಂಡಿಯೂರಿ ಕೂತಾಗ 40 ಕೆ.ಜಿ. ಭಾರ 50 ಚದರ ಸೆಂ.ಮೀ. ಜಾಗದ ಮೇಲೆ ಬಿತ್ತು ಎಂದುಕೊಳ್ಳಿ. ಆ ಒತ್ತಡ 8 ಮೀಟರ್ ನೀರಿಗೆ, ಅಂದರೆ 8,000 ಮಿ.ಮೀ.ಗೆ ಸಮ. ಅಡಿಯಲ್ಲಿ ನೀರು ನಿಂತಿದ್ದರೆ 5,000ದ ನೆಲವೂ ಜಿನುಗೀತು. ಕೆಳಗೆ ನೀರು ನಿಲ್ಲದಂತೆ ನೋಡಿಕೊಂಡು, ಮಂಡಿ ಊರುವ ಕಡೆ ಮ್ಯಾಟ್ ಹಾಸಿಕೊಂಡರೆ 3,000 ಮಿ.ಮೀ. ನೆಲ ಧಾರಾಳವಾಯಿತು. ಚೀಟಿಯ ಸಂಖ್ಯೆ ಹೊಸ ಬಟ್ಟೆಯದು ಎಂಬುದೂ ನೆನಪಿರಲಿ. ಮಡಚಿ, ಉಜ್ಜಿ, ಬಿಸಿಲು ಕಂಡ ಮೇಲೆ ಅದು ಇಳಿಯುತ್ತಲೇ ಹೋಗುತ್ತದೆ.

ಅಂಟಂಟು ಬಟ್ಟೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಟೆಂಟುಗಳು ಹೆಚ್ಚಾಗಿ ಸಾಯುವುದು ಹೀಗೆಯೇ. ಪಾಲಿಯೆಸ್ಟರ್ ಟೆಂಟಿನ ಒಳಮೈಗೆ ಪಾಲಿಯುರೆಥೇನ್ ಲೇಪನ ಇರುತ್ತದೆ. ಅಂಗಡಿಯಲ್ಲಿ ಪಿಯು ಎನ್ನುತ್ತಾರೆ. ಶಾಖ ಮತ್ತು ತೇವ ಎರಡೂ ಸೇರಿದರೆ ನೀರೇ ಆ ಲೇಪನದ ಅಣುಗಳನ್ನು ತುಂಡರಿಸುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಶೂನ ಸೋಲ್ ಒಂದು ದಿನ ಕೈಯಲ್ಲೇ ಪುಡಿಯಾಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ರಾಸಾಯನಿಕ ಕ್ರಿಯೆ. ಮಳೆಗಾಲದಲ್ಲಿ ಅರೆಬರೆ ಒಣಗಿಸಿ ಚೀಲಕ್ಕೆ ತುರುಕಿ, ತಾರಸಿಯ ಕೆಳಗಿನ ಲಾಫ್ಟ್‌ಗೆ ಹಾಕಿದಿರಿ ಎನ್ನಿ. ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಕಾದಾಗ ಆ ಚೀಲದೊಳಗೆ ಶಾಖ, ತೇವ ಎರಡೂ ಇವೆ. ಮೊದಲು ವಾಸನೆ, ಆಮೇಲೆ ಅಂಟು, ಕೊನೆಗೆ ಲೇಪನ ಬಿಳಿ ಪೊರೆಯಾಗಿ ಸುಲಿದು ಬರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಮಾರುಕಟ್ಟೆಯ ವಾಟರ್‌ಪ್ರೂಫ್ ಸ್ಪ್ರೇ ಹೊರಮೈಯಲ್ಲಿ ನೀರು ಜಾರುವಂತೆ ಮಾಡುತ್ತದೆಯೇ ಹೊರತು ಒಳಗಿನ ಲೇಪನವನ್ನು ಮರಳಿ ತರುವುದಿಲ್ಲ. ಹಾಗಾಗಿ ಹಳೆಯ ಫ್ಲೈ ಮೇಲೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಗೂಟ, ಹಗ್ಗ, ಚೀಲ ಎತ್ತಿಟ್ಟುಕೊಳ್ಳಿ; ಬಲೆ ಚೆನ್ನಾಗಿದ್ದರೆ ಅದನ್ನೂ.

ಪೋಲ್ ಸೀಳಿದ್ದು

ಅಗ್ಗದ ಟೆಂಟುಗಳಲ್ಲಿ ಬರುವ ಫೈಬರ್‌ಗ್ಲಾಸ್ ಪೋಲ್ ಬಾಗುವಾಗ ಏನೂ ಹೇಳುವುದಿಲ್ಲ, ಒಮ್ಮೆಲೇ ಉದ್ದಕ್ಕೆ ಸೀಳುತ್ತದೆ. ಸೀಳು ಸಾಮಾನ್ಯವಾಗಿ ಶುರುವಾಗುವುದು ಎರಡು ತುಂಡು ಸೇರುವ ಕಬ್ಬಿಣದ ತೋಳಿನ ಬಾಯಿಯಲ್ಲಿ. ಸೀಳಿದ ತುದಿ ಬಟ್ಟೆಯನ್ನೂ ಹರಿಯುತ್ತದೆ, ಅಂಗೈಗೆ ಕಣ್ಣಿಗೆ ಕಾಣದ ಗಾಜಿನ ಮುಳ್ಳನ್ನೂ ಚುಚ್ಚುತ್ತದೆ. ಅಲ್ಯೂಮಿನಿಯಂ ಪೋಲ್ ಹಾಗಲ್ಲ, ಮಿತಿ ಮೀರಿದರೆ ಮೊದಲು ಬಾಗಿ ನಿಲ್ಲುತ್ತದೆ. ನಿಮಗೆ ರಾತ್ರಿ ಕಳೆಯಲು ಅವಕಾಶ ಕೊಡುತ್ತದೆ. ಚೀಟಿಯಲ್ಲಿ 7001-ಟಿ6 ಅಥವಾ 7075 ಎಂದಿದ್ದರೆ ಒಳ್ಳೆಯ ಜಾತಿ. ಬರೀ “ಅಲಾಯ್” ಎಂದಿದ್ದರೆ ಕೇಳಿ ನೋಡಿ. ದಪ್ಪ 8.5 ಮಿ.ಮೀ.ಗಿಂತ ಕಡಿಮೆ ಬೇಡ. ಗಾಳಿಗೆ ಹಾಕುವುದಾದರೆ 9 ಇನ್ನೂ ಒಳ್ಳೆಯದು.

ಎಷ್ಟೇ ಒಳ್ಳೆಯ ಪೋಲ್ ಆದರೂ ಜೋಡಿಸುವಾಗಲೇ ಹಾಳಾಗುವುದುಂಟು. ಒಳಗಿನ ಎಲಾಸ್ಟಿಕ್ ದಾರವನ್ನು ನಂಬಿ ಕೈ ಬೀಸಿ ಪಟಪಟ ಕೂಡಿಸಿದರೆ ಒಂದೆರಡು ತುಂಡು ಪೂರ್ತಿ ಒಳಗೆ ಕೂರುವುದಿಲ್ಲ. ಪೋಲ್ ಬಾಗಿದಾಗ ಭಾರವೆಲ್ಲ ಅರ್ಧ ಸೆಂ.ಮೀ. ಅಂಚಿನ ಮೇಲೆ ಬಿದ್ದು ಕೊಳವೆ ಬಿರಿಯುತ್ತದೆ. ಒಂದೊಂದೇ ತುಂಡನ್ನು ಕೈಯಿಂದ ಒತ್ತಿ ಕೂರಿಸಿ. ಬಟ್ಟೆಯ ತೋಳಿನೊಳಗೆ ಪೋಲ್ ಅನ್ನು ತಳ್ಳಿ, ಎಳೆಯಬೇಡಿ. ಎಳೆದರೆ ನಡುವೆ ಬಿಚ್ಚಿಕೊಳ್ಳುತ್ತದೆ. ಮಡಚುವಾಗ ತುದಿಯಿಂದಲ್ಲ, ನಡುವಿನಿಂದ ಶುರು ಮಾಡಿದರೆ ದಾರದ ಮೇಲೆ ಒತ್ತಡ ಸಮ ಬೀಳುತ್ತದೆ. ಜೊತೆಗೆ ಒಂದು ರಿಪೇರಿ ತೋಳು ಇಟ್ಟುಕೊಳ್ಳಿ: ಪೋಲ್‌ಗಿಂತ ಕೂದಲೆಳೆಯಷ್ಟು ದಪ್ಪಗಿನ, ಸುಮಾರು 12 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ. ಮುರಿದ ಜಾಗದ ಮೇಲೆ ಸರಿಸಿ ಎರಡೂ ತುದಿಗೆ ಟೇಪ್ ಸುತ್ತಿದರೆ ಪ್ರವಾಸ ಮುಗಿಯುವವರೆಗೆ ಬರುತ್ತದೆ.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳುವಿಕೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು ಏಳೂವರೆ ಕೆ.ಜಿ. ಒತ್ತಿದರೆ, 80 ಕಿ.ಮೀ. ಗಾಳಿ 30 ಕೆ.ಜಿ. ಒತ್ತುತ್ತದೆ. ಟೆಂಟಿನ ಅಗಲದ ಪಕ್ಕ ಎರಡು ಚದರ ಮೀಟರ್ ಇದ್ದರೆ 60 ಕೆ.ಜಿ. ಆಯಿತು, ಒಬ್ಬ ಮನುಷ್ಯ ಒರಗಿ ತಳ್ಳಿದ ಹಾಗೆ. ಬರೀ ಪೋಲ್‌ಗಳ ಮೇಲೆ ನಿಂತ ಯಾವ ಟೆಂಟೂ ಇದನ್ನು ಹೊತ್ತು ನಿಲ್ಲದು. ಹೊರುವುದು ಎಳೆಹಗ್ಗ ಮತ್ತು ಗೂಟ. “ಇದು ತಾನೇ ನಿಲ್ಲುತ್ತೆ ಸರ್, ಗೂಟ ಬೇಡ” ಎನ್ನುವ ಡೋಮ್ ಟೆಂಟಿನಲ್ಲೂ ಎಳೆಹಗ್ಗ ಕಟ್ಟಲೇಬೇಕು. ಬಹಳ ಜನ ಅವನ್ನು ಚೀಲದಿಂದ ಬಿಚ್ಚಿರುವುದೇ ಇಲ್ಲ.

ಕೊಳ್ಳುವಾಗ ಎಳೆಹಗ್ಗ ಕಟ್ಟುವ ಬಿಂದು ಎಷ್ಟಿವೆ ಎಂದು ಎಣಿಸಿ. ನಾಲ್ಕು ಕಡಿಮೆ, ಆರು ಸರಿ, ಎಂಟಿದ್ದರೆ ಲಡಾಖ್‌ಗೆ ಧೈರ್ಯವಾಗಿ ಹೋಗಬಹುದು. ಆಮೇಲೆ ಫ್ಲೈ ಮಗುಚಿ ಒಳಮೈ ನೋಡಿ: ಹಗ್ಗದ ಬಿಂದುವಿನ ನೇರ ಹಿಂದೆ ಪೋಲ್‌ಗೆ ಕಟ್ಟುವ ವೆಲ್ಕ್ರೋ ಪಟ್ಟಿ ಇರಬೇಕು. ಅದಿಲ್ಲದಿದ್ದರೆ ಹಗ್ಗ ಬಟ್ಟೆಯನ್ನಷ್ಟೇ ಎಳೆಯುತ್ತದೆ, ಪೋಲ್‌ಗೆ ಆಸರೆಯಾಗುವುದಿಲ್ಲ. ಬಿಂದುವಿನ ಸುತ್ತ ಇನ್ನೊಂದು ಪದರ ಬಟ್ಟೆ ಹೊಲಿದಿದೆಯೇ ಎಂದೂ ನೋಡಿ. ಟೆಂಟ್ ಹರಿಯುವುದು ಬಟ್ಟೆಯ ನಡುವಿನಲ್ಲಲ್ಲ, ಇಂಥ ಜಾಗಗಳಲ್ಲಿ.

ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳನ್ನು ಮನೆಯಲ್ಲೇ ಬಿಡಿ. ಕಾಫಿ ತೋಟದ ಎಲೆಗೊಬ್ಬರದ ಮಣ್ಣಿನಲ್ಲಿ ಅವು ನಿಲ್ಲವು, ಜಂಬಿಟ್ಟಿಗೆ ನೆಲದಲ್ಲಿ ಇಳಿಯವು. ಮೆದು ಮಣ್ಣಿಗೆ ವೈ ಆಕಾರದ, 18ರಿಂದ 20 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಗೂಟ ಎಂಟು ಬೇಕು. ಜಂಬಿಟ್ಟಿಗೆ ಮತ್ತು ಲಡಾಖ್‌ನ ಕಲ್ಲುನೆಲಕ್ಕೆ 6 ಮಿ.ಮೀ. ಉಕ್ಕಿನ ಸಲಾಕೆಯನ್ನು 25 ಸೆಂ.ಮೀ. ತುಂಡು ಮಾಡಿಸಿ, ತಲೆ ಬಗ್ಗಿಸಿ, ತುದಿ ಚೂಪು ಮಾಡಿಸಿಕೊಳ್ಳಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಲಾಕೆ ಸಿಗುತ್ತದೆ, ನಿಮ್ಮ ಬಡಾವಣೆಯ ವೆಲ್ಡಿಂಗ್ ಶಾಪಿನವರೇ ಉಳಿದ ಕೆಲಸ ಮಾಡಿಕೊಡುತ್ತಾರೆ. ಎಂಟಕ್ಕೆ ಅರ್ಧ ಕೆ.ಜಿ.ಗೂ ಕಡಿಮೆ ತೂಕ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಗೋಕರ್ಣದಂಥ ಕಡಲ ತೀರದಲ್ಲಿ ಯಾವ ಗೂಟವೂ ನಿಲ್ಲುವುದಿಲ್ಲ. ಒಂದು ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂಳಬೇಕು. ಕಲ್ಲುನೆಲದಲ್ಲಿ ಸಣ್ಣ ಕಲ್ಲಿಗೆ ಹಗ್ಗ ಸುತ್ತಿ ಅದರ ಮುಂದೆ ದೊಡ್ಡ ಕಲ್ಲು ಇಡಿ. ಹಗ್ಗ ದೊಡ್ಡ ಕಲ್ಲಿನ ಚೂಪು ಅಂಚಿಗೆ ಉಜ್ಜಬಾರದು.

ಟೆಂಟಿನ ಕಿರಿದಾದ ತುದಿ ಗಾಳಿಗೆ ಎದುರಾಗಿರಲಿ, ಬಾಗಿಲು ಮರೆಯ ಕಡೆಗಿರಲಿ. ಮಲಗುವ ಮುಂಚೆ ಒಂದು ಸುತ್ತು ಬಂದು ಎಲ್ಲ ಹಗ್ಗ ಮತ್ತೆ ಬಿಗಿ ಮಾಡಿ, ಏಕೆಂದರೆ ನೈಲಾನ್ ಒದ್ದೆಯಾದರೆ ಸಡಿಲವಾಗುತ್ತದೆ.

“ಫೋರ್ ಸೀಸನ್ ಎಲ್ಲಾ ಕಾಲಕ್ಕೂ ಆಗುತ್ತೆ” ಎಂಬ ಮಾತು

ಇದು ತಪ್ಪು ತಿಳಿವಳಿಕೆ. ಆ ಲೆಕ್ಕ ಹಿಮ ಬೀಳುವ ದೇಶಗಳದ್ದು. ನಾಲ್ಕನೆಯ ಸೀಸನ್ ಎಂದರೆ ಹಿಮದ ಚಳಿಗಾಲ. ನಮ್ಮ ಮುಂಗಾರು ಅದರಲ್ಲಿ ಬರುವುದೇ ಇಲ್ಲ. ಹಿಮದ ಭಾರ ಹೊರಲು ಪೋಲ್ ಹೆಚ್ಚು, ಹಿಮದ ಪುಡಿ ನುಗ್ಗದಿರಲು ಬಲೆ ಕಡಿಮೆ, ಕಿಂಡಿ ಚಿಕ್ಕದು. ಅದನ್ನು ಜುಲೈನಲ್ಲಿ ಆಗುಂಬೆಯಲ್ಲಿ ಹಾಕಿದರೆ ಹೊರಗಿನಿಂದ ಒಂದು ಹನಿಯೂ ಬರದೆ ಒಳಗೆಲ್ಲ ತೊಟ್ಟಿಕ್ಕುತ್ತಿರುತ್ತದೆ. ತೂಕ, ಬೆಲೆ ಎರಡೂ ಜಾಸ್ತಿ. 18,000ಕ್ಕೆ ಆ ಹೆಸರಿನಲ್ಲಿ ಮಾರುವುದರಲ್ಲಿ ಹಲವು, ಸಾಮಾನ್ಯ ಟೆಂಟಿಗೆ ಕೆಳಗೊಂದು ಬಟ್ಟೆಯ ಅಂಚು ಹೊಲಿದವು ಅಷ್ಟೇ.

ಡಿ ಮತ್ತು ಟಿ ಅಕ್ಷರಗಳಲ್ಲೂ ಜನ ಮೋಸ ಹೋಗುತ್ತಾರೆ. 20ಡಿ, 75ಡಿ ಎಂಬುದು ನೂಲಿನ ದಪ್ಪ. 190ಟಿ, 210ಟಿ ಎಂಬುದು ಒಂದು ಚದರ ಇಂಚಿನಲ್ಲಿರುವ ನೂಲುಗಳ ಎಣಿಕೆ. 210ಟಿ ಬಟ್ಟೆ 20ಡಿಗಿಂತ ಹತ್ತು ಪಟ್ಟು ಗಟ್ಟಿ ಎಂದೇನಿಲ್ಲ, ಎರಡೂ ಬೇರೆ ಬೇರೆ ಅಳತೆ.

ನಿಮ್ಮ ಮುಂದಿರುವ ದಾರಿಗಳು

ಒಂದು, ಪಿಯು ಲೇಪನದ 68ರಿಂದ 75ಡಿ ಪಾಲಿಯೆಸ್ಟರ್ ಫ್ಲೈ, ಅಲ್ಯೂಮಿನಿಯಂ ಪೋಲ್, ಎರಡು ಪದರದ ಟೆಂಟ್. ತೂಕ 3ರಿಂದ 4 ಕೆ.ಜಿ. ಬೆನ್ನ ಮೇಲೆ ಹೊರುವವರಿಗೆ ಇದು ಭಾರ, ಬೈಕಿಗೆ ಲೆಕ್ಕವಲ್ಲ. ಪಾಲಿಯೆಸ್ಟರ್ ಒದ್ದೆಯಾದರೆ ಅಷ್ಟಾಗಿ ಸಡಿಲವಾಗುವುದಿಲ್ಲ, ಬಿಸಿಲನ್ನು ನೈಲಾನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಎತ್ತರ ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಏರುವುದರಿಂದ ಲಡಾಖ್‌ನಲ್ಲಿ ಇದು ಸಣ್ಣ ಮಾತಲ್ಲ. ಇದರ ಅಪಾಯ ಒಂದೇ, ನೀವು ಈಗಾಗಲೇ ಕಂಡಿರುವ ಅಂಟು. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಬರುತ್ತದೆ. ನಿಮ್ಮ ಬಜೆಟ್‌ನಲ್ಲಿ ನನ್ನ ಆಯ್ಕೆ ಇದೇ.

ಎರಡು, ಎರಡೂ ಮೈಗೆ ಸಿಲಿಕೋನ್ ಕುಡಿಸಿದ 15ರಿಂದ 30ಡಿ ನೈಲಾನ್ ಅಥವಾ ಪಾಲಿಯೆಸ್ಟರ್. ಸಿಲಿಕೋನ್‌ಗೆ ಆ ಅಂಟು ರೋಗ ಬರುವುದಿಲ್ಲ. ಪಿಯು ಲೇಪನ ಬಟ್ಟೆ ಹರಿಯದಂತೆ ತಡೆಯುವ ಶಕ್ತಿಯನ್ನು ತಗ್ಗಿಸಿದರೆ ಸಿಲಿಕೋನ್ ಅದನ್ನು ಹೆಚ್ಚಿಸುತ್ತದೆ. ಪೊಟ್ಟಣವೂ ಚಿಕ್ಕದು. ಆದರೆ ಹೊಲಿಗೆ ಟೇಪ್ ಇದರ ಮೇಲೆ ಅಂಟುವುದಿಲ್ಲ, ಹಾಗಾಗಿ ಹೊಲಿಗೆಗಳಿಗೆ ನೀವೇ ಸಿಲಿಕೋನ್ ಹಚ್ಚಬೇಕಾಗಬಹುದು. ಪಾರದರ್ಶಕ ಸಿಲಿಕೋನ್ ಸೀಲೆಂಟ್ ಅನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಜೇನಿನ ಹದಕ್ಕೆ ಕಲಸಿ, ಬಿಗಿಯಾಗಿ ಎಳೆದು ಕಟ್ಟಿದ ಫ್ಲೈನ ಹೊಲಿಗೆ ಮೇಲೆ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಒಂದು ದಿನ ಆರಲು ಬಿಡಿ. ತಾರಸಿಯಂಥ ತೆರೆದ ಜಾಗದಲ್ಲೇ ಮಾಡಿ. ಕೆಲವು ಬಟ್ಟೆಗಳಲ್ಲಿ ಹೊರಗೆ ಸಿಲಿಕೋನ್, ಒಳಗೆ ಪಿಯು ಇರುತ್ತದೆ; ಅವಕ್ಕೆ ಟೇಪ್ ಅಂಟುತ್ತದೆ, ಆದರೆ ಒಳಮೈಗೆ ಅಂಟು ರೋಗದ ಭಯವೂ ಇದ್ದೇ ಇರುತ್ತದೆ. ತೆಳು ನೆಲವಾದ್ದರಿಂದ ಜಂಬಿಟ್ಟಿಗೆಯ ಮೇಲೆ ಕೆಳಹಾಸಿಲ್ಲದೆ ಹಾಕಬೇಡಿ.

ಮೂರು, ಬೈಕನ್ನೂ ಒಳಗೆ ನಿಲ್ಲಿಸುವ ಗ್ಯಾರೇಜ್ ಟೆಂಟ್. ಚಿತ್ರದಲ್ಲಿ ಚೆಂದ. ಗಾಳಿಗೆ ಒಡ್ಡಿಕೊಳ್ಳುವ ಮೈ ದೊಡ್ಡದು, ಗೂಟ ಹೊಡೆಯಲು ಅಷ್ಟು ಸಮತಟ್ಟು ಜಾಗ ಬೆಟ್ಟದಲ್ಲಿ ಸಿಗುವುದಿಲ್ಲ, ಬಿಸಿ ಸೈಲೆನ್ಸರ್ ಮತ್ತು ಪೆಟ್ರೋಲ್ ಆವಿ ಮಲಗುವ ಜಾಗದ ಪಕ್ಕದಲ್ಲೇ. ಗಾಳಿಯ ಊರಿಗೆ ನಾನು ಹೇಳುವುದಿಲ್ಲ. ಕ್ಯಾನ್ವಾಸ್ ಕೂಡ ಬೇಡ, ಒದ್ದೆಯಾದರೆ ಭಾರ, ಒಣಗಲು ದಿನಗಳು ಬೇಕು. ಎಸೆದರೆ ತಾನೇ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟ್ ಮಡಚಿದರೆ ದೊಡ್ಡ ತಟ್ಟೆಯಾಗುತ್ತದೆ, ಬೈಕಿನಲ್ಲಿ ಎಲ್ಲೂ ಕೂರದು.

ಗಾತ್ರದಲ್ಲಿ ಕಂಜೂಸು ಮಾಡಬೇಡಿ. ಇಬ್ಬರ ಟೆಂಟಿನ ಅಗಲ ಸಾಮಾನ್ಯವಾಗಿ 130ರಿಂದ 140 ಸೆಂ.ಮೀ.; ಇಬ್ಬರು ದೊಡ್ಡವರು, ಜಾಕೆಟ್, ಹೆಲ್ಮೆಟ್ ಸೇರಿದರೆ ಗೋಡೆಗೆ ಅಂಟಿಯೇ ಮಲಗಬೇಕು. ನೀವಿಬ್ಬರು, ಮೂವರ ಟೆಂಟ್ ನೋಡಿ, ಎರಡು ಬಾಗಿಲು, 70 ಸೆಂ.ಮೀ. ಆಳದ ಮುಂಗಟ್ಟು ಇರುವಂಥದ್ದು. ಮಲೆನಾಡಿಗೆ ಇನ್ನೊಂದು ಗುಣ ಕೇಳಲೇಬೇಕು: ಫ್ಲೈ ಮೊದಲು ನಿಲ್ಲಿಸಿ ಆಮೇಲೆ ಒಳಟೆಂಟನ್ನು ಅದರಡಿ ತೂಗುಹಾಕಲು ಆಗುತ್ತದೆಯೇ? ಒಳಟೆಂಟ್ ಮೊದಲು ಹಾಕುವ ವಿನ್ಯಾಸದಲ್ಲಿ, ಜೋರು ಮಳೆಯಿದ್ದರೆ ಫ್ಲೈ ಹೊದಿಸುವಷ್ಟರಲ್ಲಿ ನೆಲದಲ್ಲಿ ನೀರಾಗಿರುತ್ತದೆ. ಅಂಥದ್ದೇ ಕೊಂಡರೆ 3×4 ಮೀಟರ್‌ನ ಸಿಲ್ಪಾಲಿನ್ ಒಂದನ್ನು ಮೊದಲು ಎರಡು ಮರಗಳ ನಡುವೆ ಕಟ್ಟಿ, ಅದರಡಿ ಟೆಂಟ್ ಹಾಕಿ. ಒಳಗಿನ ಬಲೆ ಪೂರ್ತಿ ಇದ್ದರೆ ಮಲೆನಾಡಿಗೆ ಹಿತ, ಇಂಬಳವೂ ಒಳಗೆ ಬರುವುದಿಲ್ಲ. ಲಡಾಖ್‌ನಲ್ಲಿ ಅದೇ ಬಲೆಯಿಂದ ಧೂಳು, ಚಳಿ ನುಗ್ಗುತ್ತದೆ. ಕೆಳಗಿನ ಅರ್ಧ ಬಟ್ಟೆ, ಮೇಲಿನ ಅರ್ಧ ಬಲೆ ಇರುವ ಒಳಟೆಂಟ್ ಎರಡಕ್ಕೂ ನಡೆಯುತ್ತದೆ.

ಲಡಾಖ್ ಬಗ್ಗೆ ನಾಲ್ಕು ಮಾತು. ಅಲ್ಲಿ ಮಳೆ ಕಡಿಮೆ, ಮಧ್ಯಾಹ್ನದ ಮೇಲೆ ಏಳುವ ಗಾಳಿಯೇ ದೊಡ್ಡದು. ಮೋರೆ ಬಯಲಿನಂಥ ತೆರೆದ ಜಾಗ ಬಿಟ್ಟು ಕಲ್ಲುಗೋಡೆ, ದಿಬ್ಬದ ಮರೆ ಹುಡುಕಿ. ಒಣಗಿದ ಹೊಳೆಯ ಪಾತ್ರ ಬೇಡ. ಸೆಪ್ಟೆಂಬರ್‌ನಲ್ಲಿ ಎತ್ತರದ ಜಾಗಗಳಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಉಸಿರಿನ ಹನಿ ಫ್ಲೈನೊಳಗೆ ಮಂಜಾಗಿ ಹೆಪ್ಪುಗಟ್ಟುತ್ತದೆ, ಬೆಳಗ್ಗೆ ಮಡಚುವ ಮುಂಚೆ ಕೊಡವಬೇಕು. ಬೆಚ್ಚಗಿಡುವುದು ಟೆಂಟಲ್ಲ, ಮ್ಯಾಟ್ ಮತ್ತು ಸ್ಲೀಪಿಂಗ್ ಬ್ಯಾಗ್. ಬಜೆಟ್ ಹಂಚುವಾಗ ಇದು ನೆನಪಿರಲಿ. ಚಳಿ ಎಂದು ಒಳಗೆ ಒಲೆ ಹಚ್ಚಬೇಡಿ, ಮುಂಗಟ್ಟಿನಲ್ಲಿ ಝಿಪ್ ಮುಚ್ಚಿಕೊಂಡೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಎಚ್ಚರವಾಗುವ ಮುಂಚೆಯೇ ಪ್ರಾಣ ಹೋಗುತ್ತದೆ. ಮನಾಲಿ ಕಡೆಯಿಂದ ಹೋಗುವುದಾದರೆ ಎತ್ತರದ ಕಾಯಿಲೆಯೂ ನೆನಪಿರಲಿ: ಮನಾಲಿ ಸುಮಾರು 2,000 ಮೀಟರ್, ಲೇಹ್ ದಾರಿಯಲ್ಲಿ ಸಿಗುವ ಸರ್ಚು ಸುಮಾರು 4,300. ಒಂದೇ ದಿನದಲ್ಲಿ ಏರಿ ಸರ್ಚುವಿನಲ್ಲಿ ಟೆಂಟ್ ಹಾಕುವ ಹಟ ಬೇಡ, 3,200 ಮೀಟರ್ ಆಸುಪಾಸಿನ ಜಿಸ್ಪಾದಲ್ಲಿ ರಾತ್ರಿ ಉಳಿದು ಹೋಗಿ. ನಿಜವಾಗಿ ಹಿಮದ ಟೆಂಟ್ ಬೇಕೆನಿಸಿದರೆ ಲೇಹ್‌ನಲ್ಲಿ ಚಾರಣದ ಸಾಮಾನು ಬಾಡಿಗೆಗೆ ಸಿಗುತ್ತದೆ, ಒಂದು ಪ್ರವಾಸಕ್ಕಾಗಿ ಕೊಳ್ಳಬೇಕಿಲ್ಲ.

ಬೈಕಿಗೆ ಕಟ್ಟುವುದು

ಬೇಡ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಬೈಕ್ ಗಟ್ಟಿ ಕಂಬವಲ್ಲ. ಮಳೆಗೆ ಮಣ್ಣು ಮೆತ್ತಗಾಗಿ ಸ್ಟ್ಯಾಂಡ್ ಇಳಿದರೆ 190 ಕೆ.ಜಿ. ಗಾಡಿ ಹಗ್ಗದ ಸಮೇತ ನಿಮ್ಮ ಕಡೆಗೇ ಬೀಳಬಹುದು. ಟೆಂಟ್ ಅದುರಿದಾಗ ಹಗ್ಗ ಬೈಕನ್ನು ಜಗ್ಗುತ್ತಲೇ ಇರುತ್ತದೆ. ಬೈಕನ್ನು ಟೆಂಟಿನಿಂದ ಕನಿಷ್ಠ ಎರಡು ಮೀಟರ್ ದೂರ, ಮೊದಲ ಗೇರಿನಲ್ಲಿ, ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಅಥವಾ ಹಲಗೆ ತುಂಡು ಕೊಟ್ಟು ನಿಲ್ಲಿಸಿ. ಬೈಕ್ ಎಡಕ್ಕೆ ವಾಲಿ ನಿಲ್ಲುವುದರಿಂದ ಗಾಳಿ ಎಡದಿಂದ ಬಂದರೆ ಅದನ್ನು ಎತ್ತಿ ಬಲಕ್ಕೆ ಕೆಡವುತ್ತದೆ. ಬಲಮೈ ಗಾಳಿಗೆ ಇರಲಿ.

ಬೈಕಿನಲ್ಲಿ ಒಯ್ಯುವಾಗ ಟೆಂಟನ್ನು ಕೊಲ್ಲುವುದು ಉಜ್ಜಾಟ. ಬಂಗೀ ಹಗ್ಗದ ಕೊಕ್ಕೆ, ಕ್ಯಾರಿಯರ್‌ನ ಕಂಬಿ ಒಂದೇ ಜಾಗಕ್ಕೆ 300 ಕಿ.ಮೀ. ಉಜ್ಜಿದರೆ ಮಡಿಕೆ ಮಡಿಕೆಗೂ ತೂತು. ಟೆಂಟ್ ಬಿಚ್ಚಿದಾಗ ಸಾಲಾಗಿ ಒಂದೇ ಅಳತೆಯ ಏಳೆಂಟು ತೂತು ಕಂಡರೆ ಕಾರಣ ಇದೇ. ಪೋಲ್‌ಗಳನ್ನು ಬಟ್ಟೆಯೊಳಗೆ ಸುತ್ತದೆ ಬೇರೆ ಇಡಿ, 75 ಮಿ.ಮೀ. ಪಿವಿಸಿ ಪೈಪಿಗೆ ಎರಡು ಮುಚ್ಚಳ ಹಾಕಿದರೆ ಒಳ್ಳೆಯ ಪೆಟ್ಟಿಗೆಯಾಗುತ್ತದೆ. ಕೊಳ್ಳುವ ಮುಂಚೆ ಮಡಚಿದ ಪೋಲ್‌ನ ಉದ್ದವನ್ನು ನಿಮ್ಮ ಸ್ಯಾಡಲ್ ಬ್ಯಾಗ್ ಜೊತೆ ಅಳೆಯಿರಿ. 45 ಸೆಂ.ಮೀ. ಮೀರಿದರೆ ಅಡ್ಡ ಕಟ್ಟಬೇಕಾಗುತ್ತದೆ. ಒದ್ದೆ ಫ್ಲೈಗೆ ಬೇರೆ ಚೀಲ, ಒಣ ಒಳಟೆಂಟಿಗೆ ಬೇರೆ ಚೀಲ. ಸೈಲೆನ್ಸರ್ ಕಡೆಯ ಬ್ಯಾಗಿನಲ್ಲಿ ಎರಡೂ ಬೇಡ.

ಜಾಗದ ವಿಷಯದಲ್ಲಿ ಅಂಗಳ, ತೋಟದ ಮಾಲೀಕರ ಒಪ್ಪಿಗೆ ಪಡೆದ ನೆಲವೇ ಸರಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವುದು ಕಾನೂನುಬಾಹಿರ. ಸಕಲೇಶಪುರ, ಕೊಡಗಿನ ಕಡೆ ಆನೆ ಓಡಾಡುವ ದಾರಿ ಯಾವುದೆಂದು ಊರವರನ್ನು ಕೇಳದೆ ಗೂಟ ಹೊಡೆಯಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಟೆಂಟ್ ಸಿಡಿಲಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗುಡುಗು ಕೇಳಿದರೆ ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ.

ಮನೆಗೆ ಬಂದ ದಿನವೇ ಟೆಂಟನ್ನು ಬಿಚ್ಚಿ ನೆರಳಲ್ಲಿ ಹರಡಿ. ಬಾಲ್ಕನಿಯ ಹಗ್ಗ ಸಾಕು, ಮಳೆಯಿದ್ದರೆ ಹಾಲ್‌ನಲ್ಲಿ ಫ್ಯಾನಿನ ಕೆಳಗೆ. ಬಟ್ಟೆ ಒಣಗಿದ ಹಾಗೆ ಕಂಡರೂ ಹೊಲಿಗೆ, ಝಿಪ್‌ನ ಮಡಿಕೆ, ಹಗ್ಗದ ಗಂಟು ಇನ್ನೂ ಒದ್ದೆ ಇರುತ್ತವೆ. ಮುಟ್ಟಿ ನೋಡಿ, ಬೇಕಾದರೆ ಇನ್ನೊಂದು ದಿನ ಬಿಡಿ. ಸೋಪಿನ ಪುಡಿ, ವಾಷಿಂಗ್ ಮೆಷಿನ್ ಬೇಡ, ಬರೀ ನೀರು ಮತ್ತು ಸ್ಪಂಜು. ಎತ್ತಿಡುವಾಗ ಬಿಗಿ ಚೀಲ ಬಿಟ್ಟು ಹಳೆಯ ದಿಂಬಿನ ಕವರಿಗೆ ಸಡಿಲವಾಗಿ ತುಂಬಿ ಬೀರುವಿನ ಕೆಳಗಿನ ಅರೆಯಲ್ಲಿಡಿ. ಲಾಫ್ಟ್ ಮಾತ್ರ ಬೇಡ.

ಕೊಂಡ ವಾರದಲ್ಲೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ತಾರಸಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ. ಅಂಗಡಿಯವರು ಒದ್ದೆಯಾದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಗೂಟದ ಬದಲು ನೀರು ತುಂಬಿದ ಕ್ಯಾನ್‌ಗಳಿಗೆ ಹಗ್ಗ ಕಟ್ಟಬಹುದು. ಒಳಗೆ ನೆಲದ ತುಂಬ, ಮೂಲೆಗಳಿಗೂ ಸೇರಿ ಒಣ ದಿನಪತ್ರಿಕೆ ಹಾಸಿ, ಝಿಪ್ ಮುಚ್ಚಿ, ನಲ್ಲಿಯ ಪೈಪಿನಿಂದ ಒಂದೊಂದು ಹೊಲಿಗೆಯ ಮೇಲೂ ಹತ್ತು ಹದಿನೈದು ನಿಮಿಷ ನೀರು ಬಿಡಿ. ಒಳಗೆ ಯಾರೂ ಇಲ್ಲದ್ದರಿಂದ ಉಸಿರಿನ ಲೆಕ್ಕ ಇಲ್ಲ. ಕಾಗದದ ಮೇಲೆ ಕಲೆ ಬಿದ್ದರೆ ಅದು ಸೋರಿಕೆಯೇ. ಕಲೆಯ ನೇರ ಮೇಲೆ ನೋಡಿದರೆ ಯಾವ ಹೊಲಿಗೆ ಎಂದು ಗೊತ್ತಾಗುತ್ತದೆ. ಒಂದೆರಡು ಕಡೆಯಾದರೆ ಪಿಯು ಬಟ್ಟೆಗೆ ಪಿಯು ಸೀಮ್ ಸೀಲರ್ ಹಚ್ಚಿ ಸರಿಮಾಡಿಕೊಳ್ಳಬಹುದು. ಟೇಪ್ ಉದ್ದಕ್ಕೂ ಎದ್ದಿದ್ದರೆ ಫೋಟೊ ತೆಗೆದು, ಬಿಲ್ ಹಿಡಿದು ಅಂಗಡಿಗೆ ಹಿಂದಿರುಗಿಸಿ.